ಎಂಜಲಿನ ಎಳೆ

ಊರ ಹೆಸರು ಬೇಡ. ಕಲ್ಲೋಳಿ ದಾಟಿ ಮೂಡಲಗಿಯ ಕಡೆ ಹೋಗುವಾಗ ಎಡಕ್ಕೆ ಬರುತ್ತದೆ ಎಂದರೆ ಸಾಕು. ಹೆಸರು ಹೇಳಿದರೆ ಇವತ್ತಿಗೂ ಅಲ್ಲಿ ಕಲ್ಲು ಎತ್ತಿಕೊಳ್ಳುವ ಕೈಗಳಿವೆ. ಆ ಊರಲ್ಲಿ ಗೌಡರ ಗರಡಿ ಮನೆ ಇತ್ತು. ಗರಡಿಯಲ್ಲಿ ಹನುಮಪ್ಪನ ಕಲ್ಲು ಇತ್ತು. ಹನುಮಪ್ಪನ ಮುಂದಿನ ಗೂಟಗಳಿಗೆ ಹನ್ನೆರಡು ಲಂಗೋಟ ತೂಗುತ್ತಿದ್ದವು. ಹನ್ನೆರಡನ್ನೂ ನೇಯ್ದವಳು ಹೊಲಗೇರಿಯ ಉದ್ದವ್ವ. ಅವಳು ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ, ಅವಳ ಬಟ್ಟೆ ದಾಟಬಹುದಿತ್ತು.

ಪೈಲವಾನನ ಲಂಗೋಟ ಎಂದರೆ ಒಂದು ತುಂಡು ಅರಿವೆ ಎಂದುಕೊಂಡವರು ಕುಸ್ತಿ ಕಂಡವರಲ್ಲ. ಎದುರಾಳಿ ಅದಕ್ಕೇ ಕೈ ಹಾಕಿ, ಅದನ್ನೇ ಹಿಡಿದು, ಎರಡು ಮಣ ತೂಕದ ಆಳನ್ನು ಮೇಲಕ್ಕೆತ್ತುತ್ತಾನೆ. ಅಂಗಡಿಯ ಬಟ್ಟೆಯಾದರೆ ಪರ್ರೆಂದು ಹರಿದು, ಸಾವಿರ ಮಂದಿಯ ಮುಂದೆ ಮಾನ ಹೋಗುತ್ತದೆ. ಉದ್ದವ್ವ ಗಿರಣಿಯ ನೂಲು ತಂದು ಆರು ಎಳೆ ಕೂಡಿಸಿ ರಾಟಿಗೆ ಹಾಕಿ ಹುರಿ ಮಾಡುತ್ತಿದ್ದಳು. ತಗ್ಗಿನ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಸೂಜಿಯ ಮೊನೆ ತೂರದಷ್ಟು ಒತ್ತಾಗಿ ನೇಯುತ್ತಿದ್ದಳು. ನೇಯುವಾಗ ಎಳೆ ಕಡಿದರೆ ಗಂಟು ಹಾಕುವಂತಿಲ್ಲ. ಎಳ್ಳುಕಾಳಿನಷ್ಟು ಗಂಟಿದ್ದರೂ ತೊಡೆಸಂದಿಯ ಚರ್ಮ ಸುಲಿದು ಹೋಗುತ್ತದೆ. ಕಡಿದ ಎರಡೂ ತುದಿಗಳನ್ನು ಬಾಯಲ್ಲಿಟ್ಟು, ಎಂಜಲಿನಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಒಂದು ಮಾಡಬೇಕು. ನೀರು ಹಚ್ಚಿ ಹೊಸೆದರೆ ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಎಂಜಲು ಬಿಡುವುದಿಲ್ಲ.

ಇನ್ನೊಂದು ಕೆಲಸವಿತ್ತು. ಅಷ್ಟು ಬಿಗಿಯಾಗಿ ಹುರಿ ಮಾಡಿದ ನೂಲು ಮೊದಲ ಸಲ ನೀರು ಕಂಡಾಗ ಸಿಟ್ಟಿಗೆದ್ದಂತೆ ಕುಗ್ಗುತ್ತದೆ. ಆ ಕುಗ್ಗು ನಮ್ಮ ಕೈಯಲ್ಲೇ ಆಗಿಹೋಗಬೇಕು, ಉಟ್ಟವನ ಮೈಮೇಲೆ ಆಗಬಾರದು ಎಂದು ಅತ್ತೆ ಕಲಿಸಿಕೊಟ್ಟಿದ್ದಳು. ಆದ್ದರಿಂದ ಉದ್ದವ್ವ ನೇಯ್ದ ಬಟ್ಟೆಯನ್ನು ಒಂದು ದಿನ ಹಳ್ಳದಲ್ಲಿ ನೆನೆಹಾಕಿ, ಬಡಿದು, ಒಣಗಿಸಿ, ಆಮೇಲೆ ಕತ್ತರಿಸಿ, ಸೊಂಟಕ್ಕೆ ಕಟ್ಟುವ ಕಸೆ ಹೊಲಿಯುತ್ತಿದ್ದಳು. ಅವಳ ಲಂಗೋಟಕ್ಕೆ ಗೋಕಾಕದಿಂದ ಹುಕ್ಕೇರಿಯವರೆಗೆ ಹೆಸರಿತ್ತು.

ಗರಡಿಯವರು ಅದನ್ನು ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ಹೊರಗಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಕುಸ್ತಿ ಕಲಿಸುವ ವಸ್ತಾದ ಅದನ್ನು ಕೋಲಿನಿಂದ ಎತ್ತಿ, ಗರಿಕೆಯಿಂದ ನಾಲ್ಕು ಹನಿ ಗೋಮೂತ್ರ ಚಿಮುಕಿಸಿ, ಹೊಸ ನೂಲಿಗೆ ಮೈಲಿಗೆ ಇಲ್ಲ ಎಂದು ಹನುಮಪ್ಪನ ಪಾದಕ್ಕೆ ಮುಟ್ಟಿಸುತ್ತಿದ್ದ. ಆ ಮೇಲೆ ಅದು ಪ್ರಸಾದ. ಒಮ್ಮೆ ದೇವರ ಮುಂದೆ ಕಟ್ಟಿದ ಲಂಗೋಟಕ್ಕೆ ಕತ್ತರಿ ಸೋಕಿಸುವಂತಿಲ್ಲ, ಸೋಕಿಸಿದವನು ಈ ಜನ್ಮದಲ್ಲಿ ಮತ್ತೆ ಕಣಕ್ಕೆ ಇಳಿಯುವಂತಿಲ್ಲ. ಸುತ್ತಲಿನ ಗರಡಿಗಳಲ್ಲೆಲ್ಲ ಇದು ಕಲ್ಲಿನ ಮೇಲೆ ಕೊರೆದಂಥ ನೇಮ. ಎಳೆ ಹೇಗೆ ಕೂಡಿಸುತ್ತೀ ಎಂದು ಮಾತ್ರ ಉದ್ದವ್ವನನ್ನು ಯಾರೂ ಕೇಳಿರಲಿಲ್ಲ. ಕೇಳದ ಮಾತಿಗೆ ಉತ್ತರ ಕೊಡುವ ಚಾಳಿ ಅವಳಿಗೂ ಇರಲಿಲ್ಲ.

ಭೀಮರಾಯ ಅವಳ ಒಬ್ಬನೇ ಮಗ. ಇಪ್ಪತ್ತೆರಡು ವರ್ಷ. ಕಬ್ಬು ಕಡಿದು, ಗಾಡಿಗೆ ಹೇರಿ, ಬೆನ್ನು ಬಾಗಿಲ ಹಲಗೆಯಷ್ಟು ಅಗಲವಾಗಿತ್ತು. ಗರಡಿಯ ಗೋಡೆಯಾಚೆಯ ಬೇವಿನ ಮರ ಹತ್ತಿ ಪಟ್ಟುಗಳನ್ನು ಕಣ್ಣಲ್ಲಿ ಕದ್ದ. ಘಟಪ್ರಭೆಯ ಉಸುಕಿನಲ್ಲಿ ಕೇರಿಯ ಗೆಳೆಯರನ್ನು ಹಿಡಿದು, ಕೆಡವಿ, ತಾನೂ ಬಿದ್ದು ಕಲಿತ. ಅವನಿಗೆ ಬೇರೆ ಏನೂ ಬೇಕಾಗಿರಲಿಲ್ಲ. ಒಂದು ಸಲ ಕೆಂಪು ಮಣ್ಣಿನ ಕಣದಲ್ಲಿ ನಿಲ್ಲಬೇಕು, ಅಷ್ಟೇ.

ಐವತ್ತೆಂಟನೆಯ ಇಸವಿ, ಸಂಕ್ರಮಣ ಕಳೆದ ವಾರ. ಕೊಣ್ಣೂರಿನಲ್ಲಿ ಬಯಲು ಕುಸ್ತಿ. ಗೌಡರ ಮಗ ರಾಜಪ್ಪ ಇಬ್ಬರನ್ನು ಕೆಡವಿ, ತೊಡೆ ತಟ್ಟುತ್ತ ಕಣದ ಸುತ್ತ ತಿರುಗುತ್ತಿದ್ದ.

“ಯಾರರೆ ಅದೀರೇನ್ರೋ ತಾಯಿ ಹಾಲ ಕುಡದವ್ರು?”

ಭೀಮರಾಯ ಅಂಗಿ ಕಳಚಿ ಇಳಿದ. ಪರ ಊರು, ಯಾರೂ ಜಾತಿ ಕೇಳಲಿಲ್ಲ. ಎಲೆ ಅಡಿಕೆ ಅಗಿದು ಉಗುಳುವಷ್ಟರಲ್ಲಿ ರಾಜಪ್ಪನ ಬೆನ್ನು ಮಣ್ಣಿಗೆ ಹತ್ತಿತ್ತು. ಜನ ಕುಣಿದರು. ಗೆದ್ದವನನ್ನು ಹೆಗಲ ಮೇಲೆ ಹೊತ್ತರು. ಹೊತ್ತವರಲ್ಲಿ ಒಬ್ಬ ತಲೆ ಎತ್ತಿ ಮುಖ ನೋಡಿದ.

“ಏ, ಇಂವ ನಮ್ಮೂರ ಹೊಲಗೇರಿ ಉದ್ದೀ ಮಗ ಅಲ್ಲೇನೋ!”

ಹೆಗಲುಗಳು ಒಮ್ಮೆಲೇ ಸರಿದವು. ಭೀಮರಾಯ ಮೇಲಿನಿಂದ ನೆಲಕ್ಕೆ ಬಿದ್ದ.

ಮರುದಿನ ಮುಂಜಾನೆ ಗರಡಿಯಿಂದ ಕರೆ ಬಂತು. ಭೀಮರಾಯ ಹೋಗಿ ಹೊರಗೆ ನಿಂತ. ಒಳಗೆ ಗೌಡ ಕಟ್ಟೆಯ ಮೇಲೆ ಕೂತಿದ್ದ. ನಾಲ್ವರು ಪೈಲವಾನರು ಬಂದು ಭೀಮರಾಯನನ್ನು ಬೋರಲು ಕೆಡವಿ, ಬಲಗೈ ಎಳೆದು ಹೊಸ್ತಿಲ ಮೇಲೆ ಹಾಸಿದರು. ರಾಜಪ್ಪ ದಿನವೂ ಎತ್ತಿ ಕಸರತ್ತು ಮಾಡುವ ಗುಂಡುಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತಿದ.

“ನನ್ನ ಬೆನ್ನಿಗಿ ಹತ್ತಿದ ಕೈ ಇದ ಏನಲೇ?”

ಕಲ್ಲು ಬಿಟ್ಟ. ಒಂದು ಸಲ ಸಾಲದೆಂದು ಮತ್ತೊಮ್ಮೆ ಎತ್ತಿ ಬಿಟ್ಟ.

ಉದ್ದವ್ವ ಓಡಿ ಬಂದಳು. ಮಗನ ಕೈ ಇದ್ದಲ್ಲಿ ಕೆಂಪು ಮುದ್ದೆ ಇತ್ತು. ಅವಳು ಬಾಯಿ ಬಡಿದುಕೊಂಡು ಕೂಗಿದಳು. ಕೂಗಿನ ಜೊತೆ ಬಾಯಿಂದ ಎಂಜಲು ಹಾರಿ ಹೊಸ್ತಿಲ ಮೇಲೆ ಬಿತ್ತು. ಗೌಡ ಎದ್ದು ನಿಂತ. ಅಷ್ಟು ಹೊತ್ತು ರಕ್ತ ಹರಿದರೂ ಏಳದವನು ಆಗ ಎದ್ದ.

“ಏ ಉದ್ದೀ! ಹನುಮಪ್ಪನ ಹೊಸ್ತಿಲಕ್ಕ ಎಂಜಲಾ ಉಗಳ್ತಿ? ತೊಳಿ. ತೊಳದ ಆಮ್ಯಾಲೆ ಮಗನ್ನ ಎತ್ತಗೊಂಡು ಹೋಗು.”

“ಯಪ್ಪಾ, ರಕ್ತ ಹರ್ಯಾಕತ್ತೈತ್ರಿ… ಮೊದಲ ದವಾಖಾನಿಗಿ…”

“ತೊಳಿ ಅಂದೆ.”

ಅವಳು ತೊಳೆದಳು. ಕೆರೆಯಿಂದ ಮೂರು ಕೊಡ ನೀರು ತಂದಳು, ಸಗಣಿ ತಂದಳು. ಮೊಣಕಾಲೂರಿ, ಮಗನ ರಕ್ತವನ್ನೂ ತನ್ನ ಎಂಜಲನ್ನೂ ಒಟ್ಟಿಗೆ ತಿಕ್ಕಿದಳು. ಪಕ್ಕದಲ್ಲೇ ಮಗ ನರಳುತ್ತಿದ್ದ. ತಿಕ್ಕುತ್ತ ಒಮ್ಮೆ ತಲೆ ಎತ್ತಿದಾಗ ಒಳಗಿನ ಗೂಟಗಳು ಕಂಡವು. ಹನ್ನೆರಡು ಲಂಗೋಟ. ಒಂದೊಂದರಲ್ಲೂ ಅವಳ ಬಾಯೊಳಗೆ ಹೊಕ್ಕು ಬಂದ ನೂರಾರು ಎಳೆ. ಅವುಗಳ ಕೆಳಗೆ ಕುಂಕುಮ, ಊದಿನಕಡ್ಡಿ. ಉದ್ದವ್ವ ಮತ್ತೆ ತಲೆ ತಗ್ಗಿಸಿ ಹೊಸ್ತಿಲು ತಿಕ್ಕಿದಳು.

ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಮೂರು ಒಣಗಿದ ಕೊಂಬೆಯಂತೆ ನಿಂತವು, ಮಡಚಲು ಬರಲಿಲ್ಲ. ಪೊಲೀಸ್ ಫೌಜದಾರ ಬಂದು, ಕಲ್ಲು ಎತ್ತುವಾಗ ಕೈಜಾರಿ ಬಿತ್ತು ಎಂದು ಬರೆದುಕೊಂಡು ಹೋದ. ಮುಟ್ಟಬಾರದು ಎನ್ನುವವರಿಗೆ ಜೈಲು ಎಂದು ಸರಕಾರ ಕಾಯ್ದೆ ಮಾಡಿ ಮೂರು ವರ್ಷವಾಗಿತ್ತು. ಕಾಯ್ದೆಗೆ ನಮ್ಮ ಕೇರಿಯ ದಾರಿ ಇನ್ನೂ ಯಾರೂ ತೋರಿಸಿರಲಿಲ್ಲ.

ಭೀಮರಾಯ ಗೋಡೆಗೆ ಮುಖ ಮಾಡಿ ಮಲಗಿದ. ಊಟ ಉಣಿಸಬೇಕು, ಮೈ ತೊಳೆಯಬೇಕು. ಎಲ್ಲಕ್ಕಿಂತ ಕೆಟ್ಟದ್ದು ಚಡ್ಡಿಯ ಲಾಡಿ. ಎಡಗೈಯೊಂದರಿಂದ ಗಂಟು ಬಿಚ್ಚಲು ಬಾರದು. ಹೊರಗೆ ಹೋಗಬೇಕಾದಾಗಲೆಲ್ಲ ಬಾಗಿಲಲ್ಲಿ ನಿಂತು, ಅತ್ತ ನೋಡುತ್ತ, “ಅವ್ವಾ” ಎನ್ನುತ್ತಿದ್ದ. ಅವಳು ಬಂದು ಬಿಚ್ಚುತ್ತಿದ್ದಳು. ಗಂಡುಮಗ, ಇಪ್ಪತ್ತೆರಡರ ಪ್ರಾಯ, ಆ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇವನ ಗಂಟು ಬಿಚ್ಚಲು ನಾನಿದ್ದೇನೆ, ಆ ರಾಜಪ್ಪನ ಗಂಟು ಯಾರು ಬಿಚ್ಚುತ್ತಾರೋ ನೋಡಿಯೇ ಬಿಡುತ್ತೇನೆ ಎಂದು ಅವಳು ಒಂದು ದಿನ ಮಗ್ಗದ ಮುಂದೆ ಕೂತು ಹಲ್ಲು ಕಚ್ಚಿದಳು.

ಅದಕ್ಕೆ ಸರಿಯಾಗಿ ಗರಡಿಯಿಂದ ಹೇಳಿ ಕಳಿಸಿದರು. ಶಿವರಾತ್ರಿ ಮುಗಿದ ಮೇಲೆ ಗೋಕಾಕದಲ್ಲಿ ದೊಡ್ಡ ಕುಸ್ತಿ. ಗೆದ್ದವನಿಗೆ ಬೆಳ್ಳಿ ಗದೆ. ತಾಲೂಕಿನ ಅಧಿಕಾರಿ ಮಾಮಲೇದಾರರೇ ಬರುತ್ತಾರೆ. ರಾಜಪ್ಪನಿಗೆ ಹೊಸ ಲಂಗೋಟ ಬೇಕು. ಕೈ ಜಜ್ಜಿ ಒಂದು ತಿಂಗಳಾಗಿರಲಿಲ್ಲ. ಇವರಿಗೆ ನಾಚಿಕೆ ಅನ್ನುವುದು ಮಾರಲಿಕ್ಕಾದರೂ ಇರಲಿಲ್ಲ.

ನೆರೆಮನೆಯ ಕೆಂಪವ್ವ ರಾಟಿ ತಿರುಗಿಸಲು ಬಂದವಳು ಪಿಸುಗುಟ್ಟಿದಳು. “ಎರಡ ಎಳಿ ಕಡಿಮಿ ಹಾಕ ಯಕ್ಕಾ. ಕಣದಾಗ ಪರ್ರಂತ ಹರೀಲಿ ಭಾಡ್ಯಾಂದು.”

“ಹರದ್ರ ಏನಕ್ಕೈತಿ? ಹೊಲತಿ ಕೈಕೆಲಸ ಹೊಲಸು ಅಂತಾರ. ನನ್ನ ಅತ್ತಿ ಹೆಸರು, ನನ್ನ ಹೆಸರು ಎರಡೂ ಹೊಕ್ಕಾವು. ಅಂವಗ ಬ್ಯಾರೆ ಲಂಗೋಟ ಸಿಗತೈತಿ.”

“ಮತ್ತ ಸುಮ್ನ ಇರ್ತಿ? ಬಡವನ ಸಿಟ್ಟು ದವಡಿಗಿ ಮೂಲ ಅಂತ ಹಲ್ಲ ಕಡಕೋತ ಕುಂದರ್ತಿ?”

“ಆರ ಅಲ್ಲ, ಎಂಟ ಎಳಿ ಹಾಕು. ಹುರಿ ಇನ್ನೂ ಬಿಗಿ ಬರ್ಲಿ. ಇಂಥಾ ಗಟ್ಟಿ ಬಟ್ಟಿ ಅಂವ ಜನ್ಮದಾಗ ಕಂಡಿರಬಾರದು.”

ಹದಿನಾಲ್ಕು ದಿನ ನೇಯ್ದಳು. ಎಳೆ ಕಡಿದಾಗ ಬಾಯಲ್ಲಿಟ್ಟಳು. ಕಡಿಯದಿದ್ದಾಗಲೂ ಬೇಕೆಂದೇ ಕಡಿದು ಬಾಯಲ್ಲಿಟ್ಟಳು. ಎಳೆ ಎಳೆಗೂ ಎಂಜಲು ಕುಡಿಸಿದಳು. ಮುಗಿದ ಮೇಲೆ ಹಳ್ಳಕ್ಕೆ ಒಯ್ಯಲಿಲ್ಲ. ನೀರು ತೋರಿಸಲಿಲ್ಲ. ನುಣುಪಾದ ಕಲ್ಲಿನಿಂದ ಒಣಬಟ್ಟೆಯನ್ನೇ ಉಜ್ಜಿ ಉಜ್ಜಿ ಮೆದು ಮಾಡಿದಳು. ಅದೇ ಬಟ್ಟೆಯಿಂದ ಕಸೆ ಸೀಳಿ ಹೊಲಿದಳು. ಭೀಮರಾಯ ಗೋಡೆಯ ಕಡೆಯಿಂದ ಹೊರಳಿ ನೋಡುತ್ತಿದ್ದ.

“ಹಳ್ಳಕ್ಕ ಒಯ್ಯಲಿಲ್ಲಲ್ಲಬೇ, ಅವ್ವಾ?”

“ನೀರ ಅವರಾ ಹಾಕ್ತಾರ,” ಎಂದಳು.

ಲಂಗೋಟವನ್ನು ಕಲ್ಲಿನ ಮೇಲಿಟ್ಟಳು. ಕೋಲಿನಿಂದ ಎತ್ತಿದರು. ನಾಲ್ಕು ಹನಿ ಚಿಮುಕಿಸಿದರು. ಪ್ರಸಾದವಾಯಿತು.

ಗೋಕಾಕದ ಬಯಲಿನಲ್ಲಿ ಆ ದಿನ ಉಸಿರಾಡಲು ಜಾಗವಿರಲಿಲ್ಲ. ಮಧ್ಯಾಹ್ನದ ಬಿಸಿಲು. ಹದ ಮಾಡಿದ ಕೆಂಪು ಮಣ್ಣಿನ ಕಣ. ಒಂದು ಕಡೆ ಕುರ್ಚಿಗಳಲ್ಲಿ ಮಾಮಲೇದಾರ, ಫೌಜದಾರ, ಸುತ್ತಿನ ಊರುಗಳ ಗೌಡರು. ಇನ್ನೊಂದು ಕಡೆ ಹಲಗಿ ಬಾರಿಸುವ ನಮ್ಮವರು. ಹಲಗಿಯ ಸದ್ದು ಕಣದೊಳಗೆ ಹೋಗಬಹುದು, ಹಲಗಿ ಹಿಡಿದ ಕಾಲು ಅಂಚಿನಲ್ಲೇ ನಿಲ್ಲಬೇಕು. ಉದ್ದವ್ವ ಮಗನನ್ನು ಎಬ್ಬಿಸಿಕೊಂಡು ಬಂದು ಆ ಹಲಗಿಯವರ ನಡುವೆ ನಿಂತಳು.

ಕೊನೆಯ ಜೋಡಿ. ರಾಜಪ್ಪನಿಗೆ ಎದುರು ಹುಕ್ಕೇರಿ ಕಡೆಯ ಕಣಗಲಾ ಊರಿನ ಗುಡ್ಡಪ್ಪ. ಕುರಿ ಕಾಯುವ ಮನೆತನದವನು, ಕಲ್ಲಿನಂಥ ಆಳು. ವಸ್ತಾದ ಹನುಮಪ್ಪನ ಹೆಸರು ಹೇಳಿ ರಾಜಪ್ಪನಿಗೆ ಹೊಸ ಲಂಗೋಟ ಬಿಗಿದು, ಕಸೆಗೆ ಮೂರು ಸುತ್ತಿನ ಗಂಟು ಹಾಕಿದ. ಹಲಗಿ ಎದ್ದಿತು. ಕಾಲು ತಾಸು ಇಬ್ಬರೂ ಒಬ್ಬರನ್ನೊಬ್ಬರು ಅಲುಗಿಸಲಾಗಲಿಲ್ಲ. ಬೆವರು ಹೊಳೆಯಾಗಿ ಇಳಿಯುತ್ತಿತ್ತು. ಗುಡ್ಡಪ್ಪ ಎರಡು ಸಲ ಲಂಗೋಟಕ್ಕೆ ಕೈಯಿಕ್ಕಿ ರಾಜಪ್ಪನನ್ನು ಎತ್ತಿದ. ಬಟ್ಟೆ ಅಲುಗಲಿಲ್ಲ. ರಾಜಪ್ಪ ಮಾತ್ರ ನಡುನಡುವೆ ಸೊಂಟಕ್ಕೆ ಬೆರಳು ತೂರಿಸಲು ನೋಡುತ್ತಿದ್ದ. ಬೆರಳು ತೂರುತ್ತಿರಲಿಲ್ಲ.

ಪಂಚರು ಜೋಡಿಯನ್ನು ಬಿಡಿಸಿ ದಣಿವಾರಿಸಲು ನಿಲ್ಲಿಸಿದರು. ಉದ್ದವ್ವ ಸೀರೆಯ ಸೆರಗನ್ನು ನಡುವಿಗೆ ಸಿಕ್ಕಿಸಿದಳು. ಮಗನ ಮುರಿದ ಕೈ ಹಿಡಿದುಕೊಂಡು ನೇರ ಕಣದೊಳಗೆ ನಡೆದಳು. ಹಲಗಿ ತಾನಾಗಿಯೇ ನಿಂತಿತು.

“ಸಾಹೇಬ್ರ, ಒಂದ ಮಾತೈತ್ರಿ,” ಎಂದಳು. ಅವಳ ದನಿ ಬಯಲಿನ ಕೊನೆಯವರೆಗೂ ಕೇಳಿಸಿತು. “ಈ ಇಬ್ಬರೂ ಪೈಲವಾನರು ಕಟ್ಟಿದ್ದು ನನ್ನ ಮಗ್ಗದ ಲಂಗೋಟ. ಎಳಿ ಕಡದಾಗ ಬಾಯಾಗ ಇಟಗೊಂಡು ಎಂಜಲಾ ಮಾಡಿ ಕೂಡಸ್ತೇನಿ ನಾ. ಇಪ್ಪತ್ತ ವರ್ಷಾತು. ಹೊಲಗೇರಿ ಉದ್ದವ್ವನ ಎಂಜಲಾ ಉಟಗೊಂಡು ಹನುಮಪ್ಪಗ ಕೈ ಮುಗದಾರ್ರಿ ಇವ್ರು. ನಂದೊಂದ ಹನಿ ಹೊಸ್ತಿಲಕ್ಕ ಬಿದ್ದದ್ದಕ್ಕ, ಮಗನ ರಕ್ತ ಹರಿಯೂ ಮುಂದ ನನ್ನ ಕಡಿಂದ ಹೊಸ್ತಿಲಾ ತೊಳಿಸಿದ್ರು. ಈಗ ಇವನ್ನ ಯಾರ ಕಡಿಂದ ತೊಳಸ್ತಾರಂತ ಕೇಳಾಕ ಬಂದೇನಿ.”

ಗುಡ್ಡಪ್ಪ ತಗ್ಗಿ ತನ್ನ ಲಂಗೋಟ ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಯವ್ವಾ, ನನಗ ಕುರಿ ಎಂಜಲಾ, ನಾಯಿ ಎಂಜಲಾ ಎಲ್ಲಾ ಆಗೇತಿ. ನಿಂದೂ ಇರ್ಲಿ. ಬಟ್ಟಿ ಮಾತ್ರ ಗಟ್ಟಿ ಐತಿ ಬಿಡು!”

ವಸ್ತಾದ ನಗಲಿಲ್ಲ. “ಬಿಚ್ಚೋ ರಾಜಪ್ಪಾ! ಮೈಲಿಗಿ! ಬಿಚ್ಚಿ ಒಗಿ!” ಎಂದು ಕಿರುಚುತ್ತ ಮೂರು ಹೆಜ್ಜೆ ಹಿಂದೆ ಸರಿದ. ರಾಜಪ್ಪನ ಮುಖ ಬೂದಿಯಾಯಿತು. ಗಂಟಿಗೆ ಕೈ ಹಾಕಿದ. ಬೆವರು ಕುಡಿದ ಹುರಿ ಒಂದಕ್ಕೊಂದು ಕಚ್ಚಿಕೊಂಡು ಕೂತಿತ್ತು. ಉಗುರು ಹಾಕಿದ, ಉಗುರು ಕಿತ್ತು ಬಂತು.

ಮಾಮಲೇದಾರರು ಎದ್ದರು. “ಏನ್ರಿ ಗೌಡ್ರ, ಮೈಲಿಗಿ ಗಿಯ್ಲಿಗಿ ಇನ್ನೂ ಇಟಗೊಂಡೀರೇನು? ಕಾಯ್ದೆ ಗೊತ್ತೈತಲ್ಲ?”

ಗೌಡ ಬೆವತ. “ಛೇ ಛೇ, ಹಂಗೇನೂ ಇಲ್ರಿ ಸಾಹೇಬ್ರ. ನಮ್ಮೂರಾಗ ಎಲ್ಲಾರೂ ಒಂದರಿ.”

“ಮೈಲಿಗಿ ಇಲ್ಲಂದ್ರ ನನ್ನ ಮಗನ ಕೈ ಯಾಕ ಜಜ್ಜಿದ್ರಿ?” ಉದ್ದವ್ವ ಆ ಕೈಯನ್ನು ಎತ್ತಿ ಹಿಡಿದಳು. ಮೂರು ಬೆರಳು ಬಿಸಿಲಲ್ಲಿ ನಿಂತವು. “ಮೈಲಿಗಿ ಐತಿ ಅಂದ್ರ ನಿಮ್ಮ ಮಗಾ ಇಲ್ಲೇ ಎಲ್ಲಾರ ಮುಂದ ಬರೀಮೈಲೆ ನಿಂದ್ರಲಿ. ಎರಡ್ರಾಗ ಒಂದ ಹೇಳ್ರಿ ಗೌಡ್ರ. ನಾ ಕಾಯ್ತೇನಿ.”

ಗೌಡನಿಗೆ ಸಾಹೇಬರ ಮುಂದೆ ಹೇಳಬೇಕಾದದ್ದು ಒಂದು, ಹೊಟ್ಟೆಯಲ್ಲಿದ್ದದ್ದು ಇನ್ನೊಂದು. ತಲೆತಲಾಂತರದ ಚಾಳಿ ಅವನ ಕೈಯಲ್ಲಿರಲಿಲ್ಲ. ಮಗನ ಕಡೆ ತಿರುಗಿದವನೇ ಕೂಗಿದ.

“ನೀರ ತರ್ರೋ! ನೀರ ಸುರವ್ರಿ ಅವನ ಮ್ಯಾಲ!”

ಕೊಡಗಟ್ಟಲೆ ನೀರು ಬಂತು. ಒಬ್ಬ ಗೋಮೂತ್ರದ ಚೆಂಬು ತಂದ. ವಸ್ತಾದ ಮಂತ್ರ ಹೇಳುತ್ತ ದೂರದಿಂದಲೇ ಎರಚಿದ. ಮೊದಲ ಕೊಡಕ್ಕೆ ರಾಜಪ್ಪ ಹಲ್ಲು ಕಚ್ಚಿದ. ಎರಡನೆಯದಕ್ಕೆ ಬಗ್ಗಿದ. ಹುಟ್ಟಿದಾಗಿನಿಂದ ನೀರು ಕಾಣದಿದ್ದ ಎಂಟೆಳೆಯ ಹುರಿ ಹೊಟ್ಟೆ ತುಂಬ ಕುಡಿದು ಕುಗ್ಗತೊಡಗಿತು. ಸೊಂಟದ ಕಸೆ ಮಾಂಸದೊಳಗೆ ಇಳಿಯಿತು. ತೊಡೆಸಂದಿ ಹಿಂಡಿತು. ನೀರು ಕಡಿಮೆಯಾಯಿತೆಂದು ಅವರು ಮತ್ತೂ ಸುರುವಿದರು. ಮೂರನೆಯ ಕೊಡಕ್ಕೆ ರಾಜಪ್ಪ ಮಣ್ಣಿನಲ್ಲಿ ಮೊಣಕಾಲೂರಿ ಕುಳಿತು ಅಳುವ ದನಿಯಲ್ಲಿ ಕೂಗಿದ.

“ಸಾಕ್ರೋ! ಸಾಯಾಕತ್ತೇನೋ ಯಪ್ಪಾ!”

ಯಾರೋ ದರ್ಜಿಯ ಕತ್ತರಿ ತಂದು ಮಣ್ಣಿನ ಮೇಲೆ ಎಸೆದರು. ಎಸೆದರಷ್ಟೇ, ಹತ್ತಿರ ಹೋಗಲಿಲ್ಲ. ರಾಜಪ್ಪ ಅದನ್ನು ನೋಡಿ ಹೌಹಾರಿದ. “ಕತ್ರಿ ಬ್ಯಾಡ! ಕತ್ರಿ ಬ್ಯಾಡ ಯಪ್ಪಾ, ನನ್ನ ಕುಸ್ತಿ ಹೊಕ್ಕೈತಿ!” ಅಪ್ಪ ಮಗನ ಬಳಿಗೆ ಎರಡು ಹೆಜ್ಜೆ ಇಟ್ಟ. ಎಂಜಲು ನೆನಪಾಯಿತೋ ಏನೋ, ಮೂರನೆಯ ಹೆಜ್ಜೆ ಇಡಲಿಲ್ಲ. ನಾಲ್ಕೂ ಕಡೆ ನೋಡಿದ. ಮಗನನ್ನು ಹೊತ್ತು ಮೆರೆಸುವ ಪೈಲವಾನರೆಲ್ಲ ಕೈ ಹಿಂದೆ ಕಟ್ಟಿಕೊಂಡಿದ್ದರು. ಕೊನೆಗೆ ಅವನ ಕಣ್ಣು ಅವಳ ಮೇಲೆ ಬಂದು ನಿಂತಿತು.

“ಉದ್ದವ್ವಾ… ನಿನ್ನ ಕೈಯಾಗಿನ ಬಟ್ಟಿ. ನಿನಗ ಗೊತ್ತಿರತೈತಿ. ಬಿಚ್ಚ ಬಾ ನಮ್ಮವ್ವಾ.”

ಮೂವತ್ತು ವರ್ಷ ‘ಉದ್ದೀ’ ಎಂದ ಬಾಯಿ ಅದು. ಗಂಟು ಬಿಚ್ಚುವುದು ಅವಳಿಗೆ ಗೊತ್ತಿತ್ತು. ದಬ್ಬಣದ ಮೊನೆ ಎಲ್ಲಿ ತೂರಿಸಬೇಕು, ಯಾವ ಎಳೆ ಮೊದಲು ಎಬ್ಬಿಸಬೇಕು, ಎಲ್ಲ ಗೊತ್ತಿತ್ತು. ದಬ್ಬಣ ಅವಳ ಸೊಂಟದಲ್ಲೇ ಇತ್ತು.

“ಬಿಚ್ಚಾಕ ಬರತೈತ್ರಿ ಗೌಡ್ರ,” ಎಂದಳು. “ಬಿಚ್ಚೂದಿಲ್ಲ.”

ಮಾಮಲೇದಾರರು ಮೆಲ್ಲಗೆ, “ಕರುಣೆ ಇಲ್ಲವೇನಮ್ಮ ನಿನಗೆ?” ಎಂದರು.

“ಇತ್ರಿ ಸಾಹೇಬ್ರ. ಹೊಸ್ತಿಲಾ ತೊಳಿಯೂ ಮುಂದ ಅದನ್ನೂ ತೊಳಿಸಿಬಿಟ್ರು ಇವ್ರು.”

ರಾಜಪ್ಪನ ಕೂಗು ಈಗ ಕೂಗಾಗಿ ಉಳಿದಿರಲಿಲ್ಲ. ಒದ್ದೆ ಮಣ್ಣಿನಲ್ಲಿ ತೆವಳುತ್ತ ಹೋಗಿ ತಾನೇ ಕತ್ತರಿ ಎತ್ತಿಕೊಂಡ. ಕಸೆಗೂ ಚರ್ಮಕ್ಕೂ ನಡುವೆ ಜಾಗವೇ ಇರಲಿಲ್ಲ. ಮೊದಲು ರಕ್ತ ಬಂತು. ಕತ್ತರಿ ಎರಡು ಸಲ ಜಾರಿತು, ಮೂರನೆಯ ಸಲ ಕಚ್ಚಿತು. ಗುಡ್ಡಪ್ಪ ತನ್ನ ಕಂಬಳಿ ತಂದು ಅವನ ಮೇಲೆ ಹೊದಿಸಿದ. ಆ ಕಂಬಳಿಯೊಳಗೆ ಗೌಡರ ಮಗ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಗದೆಯನ್ನು ಯಾರಿಗೆ ಕೊಡಬೇಕೆಂದು ಪಂಚರು ಕೇಳುವ ಗೋಜಿಗೇ ಹೋಗಲಿಲ್ಲ.

ಉದ್ದವ್ವ ಕೊನೆಯವರೆಗೂ ನಿಂತು ನೋಡಿದಳು. ಒಂದು ಸಲವೂ ಮುಖ ತಿರುಗಿಸಲಿಲ್ಲ. ಅವಳಿಗೆ ಮರುಕ ಬರಲಿಲ್ಲ, ಬಂತೆಂದು ನಾನು ಸುಳ್ಳು ಬರೆಯುವುದೂ ಇಲ್ಲ. ಹಲಗಿಯವರು ದಾರಿ ಬಿಟ್ಟರು. ತಾಯಿ ಮಗ ಬಯಲು ದಾಟಿ ಹಾದಿಗೆ ಬಿದ್ದರು. ಬಹಳ ದೂರ ನಡೆದ ಮೇಲೆ ಭೀಮರಾಯ ನಿಂತುಬಿಟ್ಟ. ಅವನ ಕಣ್ಣು ತುಂಬಿತ್ತು.

“ಕಣದಾಗ ಅಂವನ್ನ ಇನ್ನೊಮ್ಮೆ ನಾನಾ ಕೆಡವಬೇಕಿತ್ತಬೇ, ಅವ್ವಾ.”

“ಕೆಡವಿದ್ದಿಯಲ್ಲೋ ನನ್ನಪ್ಪಾ,” ಎಂದಳು ಉದ್ದವ್ವ. “ಕೆಡವಿದ್ದಿ ಅಂತಾನ ಅಲ್ಲೇನೋ ಅವ್ರು ಕಲ್ಲ ಎತ್ತಿದ್ದು?”